ಮೂರು ಎಣ್ಣೆ, ಒಂದು ಕೇಕು

ಎಣ್ಣೆಯ ವಿಷಯದಲ್ಲಿ ನನಗೆ ತುಸು ಅಹಂಕಾರ. ನಮ್ಮದು ಗಾಣದ ಮನೆತನ. ನಮ್ಮಜ್ಜ ಕುಸುಬೆ ಎಣ್ಣೆಯನ್ನು ಮೂಸಿ ನೋಡಿಯೇ ಅದು ಯಾವ ಊರಿನ ಕಾಳೆಂದು ಹೇಳುತ್ತಿದ್ದನಂತೆ. ನಾನು ಇತಿಹಾಸದ ಮಾಸ್ತರ, ಗಾಣವನ್ನು ಚಿತ್ರದಲ್ಲಷ್ಟೇ ಕಂಡವನು. ಆದರೂ ಎಣ್ಣೆಯ ಮಾತು ಬಂದರೆ ರಕ್ತ ಸುಮ್ಮನಿರುವುದಿಲ್ಲ. ಬಜ್ಜಿ ಕರಿಯುವ ಹೆಂಡತಿಗೂ ಸಲಹೆ ಕೊಡಹೋಗುತ್ತೇನೆ. ಆಕೆ ಬಿಸಿ ಸೌಟು ತೋರಿಸುತ್ತಾಳೆ, ನಾನು ಪಡಸಾಲೆಗೆ ಬರುತ್ತೇನೆ.

ಮಾವನವರು ಕೊಟ್ಟ ನಮ್ಮ ಹಳೆಯ ಕಾರಿನ ಏಸಿ ಕೆಟ್ಟು ಬಹಳ ದಿನವಾಗಿತ್ತು. ಗಾಜು ಇಳಿಸಿಕೊಂಡು ಓಡಾಡುತ್ತಿದ್ದೆವು, ಯಾರಿಗೂ ತಕರಾರಿರಲಿಲ್ಲ. ಆದರೆ ಹೆಂಡತಿ ಸುನಂದಾ ಮಹಾಂತೇಶ ನಗರದ ನಮ್ಮ ಅಡುಗೆಮನೆಯಲ್ಲೇ ಕೇಕು ಮಾಡಿ ಮಾರತೊಡಗಿದ್ದಳು. ಆಕೆಗೆ ಮೊದಲ ದೊಡ್ಡ ಆರ್ಡರು ಬಂದದ್ದು ಖಾನಾಪುರದಿಂದ. ಹಿರಿಯ ದಂಪತಿಯೊಬ್ಬರ ಮದುವೆಯ ಐವತ್ತನೆಯ ವರ್ಷಕ್ಕೆ ಮೂರಂತಸ್ತಿನ ಕೇಕು, ಮೈತುಂಬ ಬೆಣ್ಣೆಯ ಹೂವು. ಅದೂ ಮೇ ತಿಂಗಳಲ್ಲಿ.

"ಏಸಿ ಇಲ್ದ ಹೊಂಟ್ರ ಖಾನಾಪುರಕ್ಕ ಕೇಕು ಮುಟ್ಟೂದಿಲ್ಲ, ಪಾಯಸ ಮುಟ್ಟತೈತಿ," ಎಂದಳು.

ನಮ್ಮೂರ ಕ್ಯಾಂಪ್ ಬಡಾವಣೆಯ ಮೆಕ್ಯಾನಿಕ್ ಪರಶುರಾಮನ ಗ್ಯಾರೇಜಿಗೆ ಇಬ್ಬರೂ ಹೋದೆವು. ಆತ ಬಾನೆಟ್ಟಿನೊಳಗೆ ತಲೆ ಹಾಕಿ, "ಸರ, ಇದರ ಹಳೇ ಗ್ಯಾಸು ಈಗ ಸಿಗೂದಿಲ್ರಿ. ಹೊಸಾ ಗ್ಯಾಸಿಗೆ ಬದಲಿ ಮಾಡೂಣು. ಆದ್ರ ಕಂಪ್ರೆಸರಿನ ಎಣ್ಣಿನೂ ಬದಲಿ ಆಗಬೇಕು," ಎಂದ.

ಎಣ್ಣೆ! ಡಿಕ್ಕಿಯಲ್ಲಿ ಮಾವನವರು ಜೋಪಾನವಾಗಿಟ್ಟಿದ್ದ ಏಸಿ ಎಣ್ಣೆಯ ಡಬ್ಬಿಯೊಂದನ್ನು ಹೆಮ್ಮೆಯಿಂದ ತಂದು ಮುಂದಿಟ್ಟೆ. "ಇದ ಐತೆಲ್ಲಾ! ಸೀಲ್ ಸೈತ ಒಡದಿಲ್ಲ. ಎಣ್ಣಿ ಅಂದ್ರ ಎಣ್ಣಿ."

"ಅದು ಹಳೇ ಗ್ಯಾಸಿನ ಮಿನರಲ್ ಎಣ್ಣಿ ರೀ. ಹೊಸಾ ಗ್ಯಾಸಿನ ಜೋಡಿ ಬೆರೆಯೂದಿಲ್ಲ. ಗ್ಯಾಸು ಮುಂದ ಹೋಗತೈತಿ, ಎಣ್ಣಿ ಪೈಪಿನ್ಯಾಗ ಕುಂದರತೈತಿ. ಕಂಪ್ರೆಸರು ಒಣಗಿ ಜಾಮ್ ಆಗತೈತಿ. ಪ್ಯಾಗ್ ಹಾಕೂಣೇನ್ರಿ?"

"ಹಾಡಹಗಲ ಯಾರಿಗಿ ಪೆಗ್ಗು?" ಎಂದು ಸುನಂದಾ ನನ್ನನ್ನು ದುರುಗುಟ್ಟಿ ನೋಡಿದಳು.

ಪ್ಯಾಗ್ ಎಂಬುದೂ ಒಂದು ಎಣ್ಣೆಯೇ, ಹೊಸ ಕಾರುಗಳಿಗೆ ಅದನ್ನೇ ಹಾಕುತ್ತಾರೆ ಎಂದು ಪರಶುರಾಮ ಗಾಬರಿಯಿಂದ ವಿವರಿಸಿದ. ಎಸ್ಟರ್ ಎಂಬ ಇನ್ನೊಂದು ಇದೆ, ಎರಡರಲ್ಲಿ ಯಾವುದು ಹಾಕಬೇಕೆಂದು ತನಗೂ ಗೊಂದಲವಿದೆ ಎಂದ. ಡಬ್ಬಿ ಸೋತ ಅವಮಾನದಲ್ಲಿ ನಾನು, "ಪ್ಯಾಗ! ಹೊಸಾ ಗ್ಯಾಸಿಗೆ ಹೊಸಾ ಎಣ್ಣಿ!" ಎಂದು ತೀರ್ಪು ಕೊಟ್ಟೆ.

ಸುನಂದಾ ನನ್ನ ತೀರ್ಪನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಪೈಪು ತೊಳದ್ರ ಒಳಗಿನ ಹಳೇ ಎಣ್ಣಿ ಪೂರಾ ಹೋಗತೈತೇನು?"

"ಪೂರಾ ಅಂದ್ರ ಹೆಂಗ ಹೇಳ್ಲಿ ವೈನಿ? ಖರೇ ಹೇಳಬೇಕಂದ್ರ ಒಂದೀಟು ಉಳೀತೈತಿ."

"ಆ ಉಳದದ್ದರ ಜೋಡಿ ಯಾವುದು ಜಗಳಾಡೂದಿಲ್ಲ?"

ಪರಶುರಾಮ ಕೈಯೊರೆಸಿಕೊಳ್ಳುತ್ತ ನಿಂತ. "ಪ್ಯಾಗಿಗಿ ಅದು ಆಗಿಬರೂದಿಲ್ರಿ. ಎಸ್ಟರ್ ಹೊಂದಿಕೊಂತೈತಿ."

"ಮತ್ತ ಅದನ್ನ ಹಾಕ್ರಿ."

ಎಸ್ಟರ್ ಬಿತ್ತು. ಕಾರ್ಯಕ್ರಮದ ದಿನ ಕೇಕನ್ನು ತೊಟ್ಟಿಲ ಕೂಸಿನಂತೆ ಹಿಂದಿನ ಸೀಟಿನಲ್ಲಿ ಹಿಡಿದು ಸುನಂದಾ ಕುಳಿತಳು. ಒಳಗೆ ಎಂಥ ತಂಪೆಂದರೆ ಅರ್ಧ ದಾರಿಯಲ್ಲೇ ನನ್ನ ಮೂಗು ಸೋರತೊಡಗಿತು. ದೇಸೂರು ದಾಟಿದ್ದೇ ತಡ, ಗಾಡಿಯ ಮುಂಭಾಗದಿಂದ ಟಕ್, ಟಕ್ ಎಂದು ಸದ್ದು! ಕಂಪ್ರೆಸರು ಜಾಮ್ ಆಯಿತೆಂದೇ ತಿಳಿದೆ. ಗಾಡಿ ಬದಿಗೆ ನಿಲ್ಲಿಸಿದೆ, ಸದ್ದು ನಿಂತಿತು. ಏಸಿ ಆರಿಸಿ ಹೊರಟೆ, ಮತ್ತೆ ಟಕ್! ಕನ್ನಡಿಯಲ್ಲಿ ನೋಡಿದರೆ ಹಿಂದೆ ಸುನಂದಾಳ ಕಣ್ಣು ತುಂಬಿದ್ದವು. ಏಸಿ ಆರಿದ ಮೇಲೂ ಕಂಪ್ರೆಸರು ಹೇಗೆ ಬಡಿದುಕೊಂಡೀತು ಎಂದು ಹೊಳೆಯಲು ನನಗೆ ತುಸು ಹೊತ್ತೇ ಬೇಕಾಯಿತು. ಡ್ಯಾಶ್‌ಬೋರ್ಡಿನ ಡ್ರಾಯರ್ ಎಳೆದೆ. ನಾನೇ ತುರುಕಿದ್ದ ಕೇಕಿನ ಚಾಕು ಒಳಗೆ ಉರುಳಾಡುತ್ತಿತ್ತು. ಇಬ್ಬರೂ ನಕ್ಕೆವು, ಆಕೆ ಕಣ್ಣೊರೆಸಿಕೊಂಡೇ ನಕ್ಕಳು.

ಖಾನಾಪುರದಲ್ಲಿ ಕೇಕು ಇಳಿಸಿದಾಗ ಒಂದು ಎಸಳೂ ಬಾಡಿರಲಿಲ್ಲ. ಆ ಮನೆಯ ಅಜ್ಜಿ ಅದನ್ನು ಕತ್ತರಿಸಲು ಮನಸ್ಸಾಗದೆ ಸುಮ್ಮನೆ ನೋಡುತ್ತ ನಿಂತರು. ಎಲ್ಲರೂ ಸುನಂದಾಳನ್ನು ಸುತ್ತುವರಿದರು. ನನ್ನ ಪಾಲಿಗೆ ಸಿಕ್ಕವರು ಅಜ್ಜ ಒಬ್ಬರೇ. ಮೂರು ಎಣ್ಣೆಗಳ ಗುಣದೋಷ, ಎಸ್ಟರನ್ನೇ ಏಕೆ ಆರಿಸಿದೆ ಎಂಬುದನ್ನೆಲ್ಲ ಅವರಿಗೆ ವಿಸ್ತಾರವಾಗಿ ತಿಳಿಸಿದೆ. 'ನಾನು ಆರಿಸಿದೆ' ಎಂದೇ ಹೇಳಿದ್ದು.

"ಬರ್ರಿ ಸಾಹೇಬ್ರ," ಎಂದು ಅಜ್ಜ ನನ್ನ ಕೈ ಹಿಡಿದರು. "ನಿಮ್ಮಂಥಾ ಜಾಣರು ಸಿಗೂದು ಅಪರೂಪ. ನಂದೂ ಒಂದು ಹಳೇ ಗಾಡಿ ಐತಿ, ಒಮ್ಮೆ ನೋಡ್ರಿ."

ಒಳಗೆ ಕೇಕು ಹಂಚಿ, ತಿಂದು, ತಟ್ಟೆಗಳನ್ನು ತೊಳೆದಿಡುವ ಸದ್ದೂ ಕೇಳಿಸಿತು. ನಾನು ಅಂಗಳದಲ್ಲಿ ಅಜ್ಜನ ಗಾಡಿಯ ಬಾನೆಟ್ ತೆರೆಯುವ ಕೊಕ್ಕೆ ಎಲ್ಲಿದೆಯೆಂದು ಇನ್ನೂ ತಡಕಾಡುತ್ತಿದ್ದೆ.