ಆಕಾಶದ ಸ್ವಿಚ್ಚು ನನ್ನ ಕೈಲಿದ್ದಾಗ

ಚೇಷ್ಟೆಯನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ, ಅದೇ ನನ್ನ ಡ್ಯೂಟಿ ಟೈಮ್ ನೋಡಿಕೊಂಡು ಬರುತ್ತದೆ. ಸಾಲ್ಮಿಯಾದ ನಮ್ಮ ಹೋಟೆಲ್ ಮಾಲೀಕರು ಯಾವುದೋ ದೇಶದ ಜೂಜಿನ ಅರಮನೆ ನೋಡಿ ಬಂದು ಅಂಥದ್ದನ್ನೇ ಎಬ್ಬಿಸಿದ್ದರು. ರೋಮಿನ ಕಂಬ, ಲಾಬಿಯೊಳಗೇ ಕಾಲುವೆ, ದೋಣಿ, ಚಾವಣಿಯಲ್ಲಿ ದೀಪದ ಆಕಾಶ, ಅದರಲ್ಲಿ ದಿನಾ ಹುಟ್ಟಿ ಮುಳುಗುವ ಸೂರ್ಯ. ಜೂಜೊಂದಿಲ್ಲ, ಕುವೈತಿನಲ್ಲಿ ಅದಕ್ಕೆ ಜೈಲು. ನಾನು ಎಲೆಕ್ಟ್ರಿಷಿಯನ್, ಆ ಆಕಾಶದ ಸ್ವಿಚ್ಚು ನನ್ನ ಕೈಲಿ. ಲೆಬನಾನಿನ ಮ್ಯಾನೇಜರ್ ಮೊದಲೇ ಹೇಳಿದ್ದರು: "ಎರಡು ಚೇಷ್ಟೆ ಮಾಫಿ. ಮೂರನೆಯದಕ್ಕೆ ಖಲಾಸ್! ಇಕಾಮಾ ಪರ್ಮಿಟ್ ರದ್ದು, ಮಂಗಳೂರಿಗೆ ಟಿಕೆಟ್."

ಮುಂದಿನದೆಲ್ಲ ಅಕ್ಷರಶಃ ನಿಜ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ, ಅವಳೂ ನಂಬಿಲ್ಲ.

ಮುಚ್ಚಳದ ಆಟ

ಹುಬ್ಬಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಯಜಮಾನರೊಬ್ಬರು ಕಿವಿಯಲ್ಲಿ ಕೇಳಿದರು: "ತಮ್ಮಾ, ಆಟದ ಟೇಬಲ್ ಎಲ್ಲೈತಿ?"

"ಸುಮ್ಮನೆ ಬನ್ನಿ" ಎಂದು ಹಿಂದಿನ ಕಾರಿಡಾರಿನಲ್ಲಿ ಸುತ್ತಿಸಿ ಬಫೆ ಮುಂದೆ ನಿಲ್ಲಿಸಿದೆ. "ನೀವು ಸಸ್ಯಾಹಾರಿ ತಾನೇ? ಬೋರ್ಡೆಲ್ಲ ಅರಬಿಯಲ್ಲಿದೆ. ಮುಚ್ಚಳ ಎತ್ತಿ. ತರಕಾರಿ ಬಂದರೆ ಗೆದ್ದಿರಿ."

ಮೊದಲನೆಯದು ಕುರಿ. ಎರಡನೆಯದು ಮೀನು. ಮೂರನೆಯದು ಬೇಳೆ! "ಹೊಡದೆ ನೋಡು!" ಎಂದು ಕುಣಿದರು.

ಮರುದಿನ ಮತ್ತೆ ಹಾಜರು. "ನಿನ್ನೆ ಬರೇ ಬ್ಯಾಳಿ ಸಿಕ್ತು. ಇವತ್ತ ಪನೀರಿಗೆ ಆಡ್ತೀನಿ."

ಇನ್ನೂ ಸ್ವಲ್ಪ ದಕ್ಷಿಣ

ದೋಣಿಯವನು ಇಟಾಲಿಯನ್ ಹಾಡಬೇಕೆಂದು ಮಾಲೀಕರ ಆಜ್ಞೆ. ಉಡುಪಿ ಕಡೆಯ ಗೆಳೆಯನಿಗೆ ಪಟ್ಟೆ ಅಂಗಿ ತೊಡಿಸಿ ನಾನೇ ನಿಲ್ಲಿಸಿದೆ. ಮೊಣಕಾಲುದ್ದದ ನೀರಿನಲ್ಲಿ ಹುಟ್ಟು ಹಾಕುತ್ತ ಅವನು ಮದುವೆಮನೆಯ ಕೊಂಕಣಿ ಹಾಡುಗಳನ್ನು ಎಳೆದೆಳೆದು ಹಾಡುತ್ತಿದ್ದ. ಒಂದು ದಿನ ಅಸಲಿ ಇಟಲಿಯವನೇ ಬಂದು ಕೂರಬೇಕೆ! ದೋಣಿ ಇಳಿದವನೇ ನನ್ನನ್ನು ಕೇಳಿದ:

"ಇದು ಯಾವ ಕಡೆಯ ಇಟಾಲಿಯನ್? ಒಂದಕ್ಷರ ತಿಳಿಯಲಿಲ್ಲ."

"ದಕ್ಷಿಣದ್ದು ಸಾರ್."

"ನಾನೂ ದಕ್ಷಿಣದವನೇ!"

"ಇನ್ನೂ ಸ್ವಲ್ಪ ದಕ್ಷಿಣ ಸಾರ್."

ಮುಳುಗದ ಸೂರ್ಯ

ಬಫೆಯದೂ ದೋಣಿಯದೂ ಮ್ಯಾನೇಜರ್ ಕಿವಿಗೆ ಬಿದ್ದು ಎರಡು ಮಾಫಿಯೂ ಮುಗಿದಿತ್ತು. ಆಗ ಬಂತು ಮೈಸೂರಿನ ಕುಟುಂಬವೊಂದರ ನಿಶ್ಚಿತಾರ್ಥ, ನಮ್ಮ ಲಾಬಿಯಲ್ಲೇ. ಸೂರ್ಯ ಮುಳುಗುವುದರೊಳಗೆ ಉಂಗುರ ತೊಡಿಸದಿದ್ದರೆ ಇವತ್ತು ಬೇಡವೇ ಬೇಡ ಎಂದು ಹುಡುಗಿಯ ಅಜ್ಜಿಯ ಹಠ. ಹುಡುಗ ನೋಡಿದರೆ ಫರ್ವಾನಿಯಾದಿಂದ ಬರುವ ದಾರಿಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದ. ಹುಡುಗಿಯ ಅಪ್ಪ ನನ್ನ ಹತ್ತಿರ ಓಡಿ ಬಂದು ಚಾವಣಿಯತ್ತ ಕೈ ತೋರಿಸಿದರು.

"ಸ್ವಾಮಿ, ಆ ಸೂರ್ಯನ್ನ ಒಂಚೂರು ಹಿಡ್ಕೊಳ್ಳಿ!"

ಇಕಾಮಾ ಕಣ್ಮುಂದೆ ಬಂತು. ಆದರೆ ಮೂಲೆಯಲ್ಲಿ ಹುಡುಗಿ ಅಳುವ ಹಾಗಿದ್ದಳು. ಸ್ವಿಚ್ಚು ಅದುಮಿದೆ. ಸೂರ್ಯ ಚಾವಣಿಯ ಅಂಚಿನಲ್ಲಿ ಅಲ್ಲೇ ನಿಂತ.

ಹೊರಗೆ ಕತ್ತಲಾಗಿ ಬಹಳ ಹೊತ್ತಾದ ಮೇಲೆ ಹುಡುಗ ಬೆವರುತ್ತ ಬಂದ. ಅಜ್ಜಿ ಚಾವಣಿ ನೋಡಿದರು. "ಇನ್ನೂ ಹೊತ್ತಿದೆ. ತೊಡಿಸಪ್ಪಾ." ಎಲ್ಲರ ಚಪ್ಪಾಳೆ. ಅಜ್ಜಿ ನನ್ನ ಹತ್ತಿರ ಬಂದು ಪಿಸುಗುಟ್ಟಿದರು: "ಹೊರಗೆ ಮುಸ್ಸಂಜೆ ಬಾಂಗು ಕೂಗಿದ್ದು ನಂಗೂ ಕೇಳಿಸ್ತು ಕಣೋ. ಹುಡುಗ ಒಳ್ಳೇವ್ನು, ಹೋಗ್ಲಿ ಬಿಡು."

ಅಷ್ಟರಲ್ಲಿ ಮ್ಯಾನೇಜರ್ ಕೆಂಪಾಗಿ ನುಗ್ಗಿದರು. "ಸೂರ್ಯ ಯಾಕೆ ಮುಳುಗಿಲ್ಲ? ಖಲಾ—"

ತೆರೆದ ಬಾಯಿಗೆ ಅಜ್ಜಿ ಇಡೀ ಲಾಡು ತುರುಕಿದರು. "ಮೊದ್ಲು ನುಂಗಪ್ಪಾ. ಆಮೇಲೆ ಬೈಯಿವಂತೆ."

ಮ್ಯಾನೇಜರ್ ಅಗಿದರು. ಚಾವಣಿ ನೋಡಿದರು. ಮತ್ತೆ ಅಗಿದರು. ನುಂಗಿದವರೇ ನನ್ನನ್ನು ಕಂಬದ ಹಿಂದಕ್ಕೆ ಎಳೆದು ದನಿ ತಗ್ಗಿಸಿದರು:

"ನಾಳೆ ಬೆಳಿಗ್ಗೆ ಮಾಲೀಕರು ತಪಾಸಣೆಗೆ ಬರ್ತಾರೆ, ಸಂಜೆಯಾಗುವವರೆಗೂ ಕೂರ್ತಾರಂತೆ. ಹತ್ತು ಗಂಟೆಗೇ ಸಂಜೆ ಮಾಡೋಕಾಗುತ್ತಾ?"