ಮಾದಯ್ಯನ ನಾಮಿನಿ

ನಿವೃತ್ತಿಗೆ ಇನ್ನೂ ಮೂವತ್ತು ವರ್ಷವಿರುವಾಗಲೇ ಅದರ ಚಿಂತೆಯಲ್ಲಿ ಊಟ ಸೇರದಿರುವುದು ಕಾಯಿಲೆಯೋ ವಿವೇಕವೋ ನಾನರಿಯೆ. ನನಗಂತೂ ಅದು ಕೆಲಸಕ್ಕೆ ಸೇರಿದ ವಾರವೇ ಅಂಟಿಕೊಂಡಿತು. ಸತ್ಯಮಂಗಲದ ಅಂಚೆ ಕಚೇರಿಯಲ್ಲಿ ಉಳಿತಾಯ ಪತ್ರ ಕೊಂಡು ದಿಂಬಂ ಘಾಟಿ ಹತ್ತುವಾಗ, ಬಸ್ಸಿನ ಪ್ರತಿ ತಿರುವಿನಲ್ಲೂ ನನ್ನ ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಎದೆಯ ಜೇಬಿನ ಮೇಲೆ. ಬಸ್ಸು ಕಣಿವೆಗೆ ಉರುಳಿದರೆ ನಾನು ಹೋಗುವುದಿರಲಿ, ಪತ್ರದ ಗತಿಯೇನು?

ತಾಳವಾಡಿಯ ನಮ್ಮ ಶಾಲೆಯಲ್ಲಿ ಈ ಭಯವನ್ನೇ ಪಾಂಡಿತ್ಯವೆಂದು ತಿಳಿದರು. ಮೇಲಾಗಿ ನಾನು ಮೈಸೂರಿನಲ್ಲಿ ಎಂ.ಎ. ಓದಿ ಬಂದವನು, ಅನ್ಯಾಯ ಕಂಡಲ್ಲಿ ಅರ್ಜಿ ಬರೆಯುವವನೆಂಬ ಖ್ಯಾತಿಯೂ ಇತ್ತು. ಮಾರ್ಚ್ ಬಂತೆಂದರೆ ಉಪಾಧ್ಯಾಯರೆಲ್ಲ ನನ್ನ ಮೇಜಿನ ಸುತ್ತ. ಭವಿಷ್ಯನಿಧಿಗೆ ಎಷ್ಟು ಹೆಚ್ಚು ಕಟ್ಟಿದರೆ ತೆರಿಗೆ ಎಷ್ಟು ಇಳಿದೀತು, ವಿಮೆ ಲಾಭವೋ ಉಳಿತಾಯ ಪತ್ರ ಲಾಭವೋ ಎಂದು ನಾನು ಪ್ರವಚನ ಮಾಡುತ್ತಿದ್ದೆ. ತೆರಿಗೆ ಕಟ್ಟುವಷ್ಟು ಸಂಬಳವೇ ಇಲ್ಲದ ಜವಾನ ಮಾದಯ್ಯ ಮಾತ್ರ ಬಾಗಿಲಲ್ಲಿ ನಿಂತು ಭಕ್ತಿಯಿಂದ ಕೇಳುತ್ತಿದ್ದ.

ಆ ವರ್ಷ ಮಾದಯ್ಯನಿಗೆ ಕೊಯಮತ್ತೂರಿನಲ್ಲಿ ಹೊಟ್ಟೆಯ ಆಪರೇಷನ್ ಎಂದು ಗೊತ್ತಾಯಿತು. ಸೋಮವಾರ ಹೊರಡಬೇಕು. ಶುಕ್ರವಾರ ಅವನ ರಜೆಯ ಕಾಗದ ಹುಡುಕುತ್ತಿದ್ದ ನನಗೆ ಭವಿಷ್ಯನಿಧಿಯ ನಾಮಿನಿ ಪತ್ರ ಸಿಕ್ಕಿತು. ಅವನಿಗೆ ಏನಾದರೂ ಆದರೆ ಹಣ ಯಾರಿಗೆ ಸಲ್ಲಬೇಕೆಂಬ ಕಾಲಂನಲ್ಲಿ ಅವನ ತಾಯಿಯ ಹೆಸರಿತ್ತು. ಆಕೆ ಸತ್ತು ಹತ್ತು ವರ್ಷ! ಅಂದರೆ, ಆಗಬಾರದ್ದು ಆದರೆ ಅವನ ಹೆಂಡತಿ ಕೆಂಪಮ್ಮ ವಾರಸುದಾರಳೆಂದು ರುಜುವಾತು ಮಾಡಲು ಕಚೇರಿ ಕಚೇರಿ ಅಲೆಯಬೇಕು.

ನನ್ನ ರಕ್ತ ಕುದಿಯಿತು. ಅವನು ಕೆಲಸಕ್ಕೆ ಸೇರಿದ ಇಪ್ಪತ್ತೆರಡು ವರ್ಷಗಳಿಂದ ಈ ತಪ್ಪನ್ನು ಕಾಣದೆ ಕುಳಿತವರು ಯಾರು, ಮೂರು ದಿನಗಳೊಳಗೆ ಲಿಖಿತ ಉತ್ತರ ಕೊಡತಕ್ಕದ್ದು ಎಂದು ಮೇಲಿನ ಕಚೇರಿಗೆ ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡೆ. ಆಮೇಲೆ ಮಾದಯ್ಯನನ್ನು ಕರೆದು, ಯಾವ ಗುಮಾಸ್ತನ ಕೆಲಸವಿದು ಎಂದು ಕೇಳಿದೆ.

"ಗುಮಾಸ್ತ್ರು ಏನ್ ಮಾಡಾರು ಸಾ?" ಎಂದು ಅವನು ತಲೆ ಕೆರೆದುಕೊಂಡ. "ಎಡ್ತಿ ಎಸ್ರು ಏಳು ಅಂದ್ರು. ಕಟ್ಕೊಂಡೋಳ ಎಸ್ರ ನಾಕ್ ಜನದ ಮುಂದ ಏಳಕಾದದಾ? ನಾಚ್ಕ ಆಯ್ತು. ಅವ್ವನ ಎಸ್ರು ಏಳ್ಬುಟ್ಟಿ."

"ಈಗಲಾದರೂ ಹೇಳು. ಬರೆದುಕೊಳ್ಳುತ್ತೇನೆ."

ಮಾದಯ್ಯ ಕಿಟಕಿಯಾಚೆ ನೋಡಿದ. "ನಿಮ್ಗ ಗೊತ್ತಲ್ಲ ಸಾ, ನೀವೇ ಬರ್ಕಳಿ. ನನ್ ಬಾಯಲ್ಲಿ ಬ್ಯಾಡ."

ಸ್ವತಃ ಅವನೇ ಹೇಳಿದ ಹೊರತು ಬರೆಯುವುದಿಲ್ಲವೆಂದು ನಾನೂ ಹಟ ಹಿಡಿದೆ. ಹೆಣ್ಣಿನ ಹೆಸರಿನ ಘನತೆಯ ಮೇಲೆ ಸಣ್ಣದೊಂದು ಭಾಷಣವನ್ನೂ ಮಾಡಿದೆ. ಅಷ್ಟರಲ್ಲಿ ಗಂಡನಿಗೆ ಬುತ್ತಿ ತಂದಿದ್ದ ಕೆಂಪಮ್ಮ ತಮ್ಮ ಊರು ದೊಡ್ಡಗಾಜನೂರಿನಿಂದ ಬಿಸಿಲಿನಲ್ಲಿ ನಡೆದು ಬಂದು ಒಳಗೆ ಕಾಲಿಟ್ಟಳು. ವಿಷಯ ತಿಳಿದು ಸೆರಗಿನಿಂದ ಬೆವರು ಒರೆಸಿಕೊಂಡಳು.

"ಅಯ್ಯೊ, ಇದ್ಕ ಇಷ್ಟೊಂದ್ ಪಂಚಾತಿಯಾ! ನನ್ ಎಸ್ರ ನಾನ್ ಏಳ್ಬಾರ್ದು ಅಂತ ಯಾವ ಸಾಮಿ ಏಳಿದ್ದನು? ಕೆಂಪಮ್ಮ ಕನ ಮೇಷ್ಟ್ರೆ, ಬರ್ಕಳಿ."

ಬರೆದೆ. ಮಾದಯ್ಯ ಅಕ್ಷರ ಅಕ್ಷರವನ್ನೂ ಕೂಡಿಸಿ ರುಜು ಹಾಕಿದ. ಕೆಂಪಮ್ಮ ಹೊರಡುವ ಮುನ್ನ ಬಾಗಿಲಲ್ಲಿ ತಿರುಗಿ, ಯಾವ ಕೊಂಕೂ ಇಲ್ಲದೆ ಕೇಳಿದಳು: "ನಿಮ್ ಕಾಗ್ದದಲ್ಲಿ ನಮ್ ಅಕ್ಕಯ್ಯನ ಎಸ್ರ ಬರ್ಸಿದ್ದರಿ ಅಲ್ವಾ?"

ನಾನು ಕನ್ನಡಕ ಒರೆಸಿಕೊಂಡೆ. ಕೆಲಸಕ್ಕೆ ಸೇರಿದಾಗ ನಾನು ಬ್ರಹ್ಮಚಾರಿ. ತಾಯಿಯ ಹೆಸರು ಬರೆದಿದ್ದೆ. ಕೆಂಪಮ್ಮ ಅಕ್ಕಯ್ಯ ಎಂದ ನನ್ನ ಹೆಂಡತಿಯನ್ನು ಮದುವೆಯಾಗಿ ಮೂರು ವರ್ಷವಾಗಿತ್ತು. ತೆರಿಗೆಯ ಪ್ರತಿಯೊಂದು ಸಂದುಗೊಂದನ್ನೂ ಬಲ್ಲ ನನಗೆ ಆ ಒಂದು ಕಾಲಂ ನೆನಪಾಗಿರಲಿಲ್ಲ.

ಮಾದಯ್ಯ ಕೊಯಮತ್ತೂರಿನಿಂದ ಹೊಲಿಗೆ ಹಾಕಿಸಿಕೊಂಡು ಗಟ್ಟಿಯಾಗಿಯೇ ಬಂದ. ಗಟ್ಟಿಯಾಗಿ ಉಳಿಯದವನು ನಾನು. ಆ ಶುಕ್ರವಾರ ಸಂಜೆಯೇ ನನ್ನ ಹೆಂಡತಿ ಅಂಗಿ ಒಗೆಯಲೆಂದು ಜೇಬು ತಡಕಿದಾಗ ಅರ್ಜಿ ಸಿಕ್ಕಿತು. ನಿಂತಲ್ಲೇ ಪೂರ್ತಿ ಓದಿ, ಬಹಳ ಚೆನ್ನಾಗಿ ಬರೆದಿದ್ದೀರಿ ಎಂದು ಹೊಗಳಿದಳು. ಹೊಗಳಿಕೆಯ ಭರದಲ್ಲಿ ನಾನು ಕೆಂಪಮ್ಮನ ಕಥೆ ಹೇಳಿದೆ. ಆಕೆಯ ಕೊನೆಯ ಪ್ರಶ್ನೆಯನ್ನೂ ಹೇಳಿಬಿಟ್ಟೆ.

ಹೆಂಡತಿ ಅರ್ಜಿಯನ್ನು ಮಡಿಸಿ ನನ್ನ ಕೈಗೇ ಕೊಟ್ಟಳು.

"ಮೂರು ದಿನ ಏನಕ್ಕೆ? ನಂಗೆ ಈಗ್ಲೇ ಬೇಕು ಉತ್ರ. ಲಿಖಿತವಾಗೇ ಕೊಡಿ."