ಜೋಡಿಲೆ ಸಮುದ್ರ ನೋಡಾಕ ಹೋಗಿದ್ದು

ಮರ್ಯಾದೆ ಕಳೆದುಕೊಳ್ಳುವ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋದವನಲ್ಲ. ಅವೇ ನನ್ನ ಅಂಗಡಿ ಎಲ್ಲಿ ಎಂದು ವಿಚಾರಿಸಿಕೊಂಡು ಬರುತ್ತವೆ. ಬ್ಯಾಡಗಿಯಲ್ಲಿ ನನ್ನದು ಹೆಣ್ಣುಮಕ್ಕಳ ಜಂಪರ ಹೊಲಿಯುವ ಅಂಗಡಿ. ಎರಡೂ ತೋಳನ್ನು ಎಡಗೈಗೇ ಹೊಲಿದು ಕೊಟ್ಟದ್ದುಂಟು. ಅತ್ತೆಯ ಜಂಪರವನ್ನು ಸೊಸೆಗೆ ಕೊಟ್ಟು ಇಬ್ಬರಿಂದಲೂ ಬೈಸಿಕೊಂಡದ್ದುಂಟು. ಅವೆಲ್ಲ ಅಂಗಡಿಯ ಹೊಸ್ತಿಲೊಳಗೇ ಮುಗಿದುಹೋದವು. ಆದರೆ ಎಂಬತ್ತರ ದಶಕ ಮುಗಿಯುತ್ತಿದ್ದಾಗ, ಮದುವೆಯಾದ ಹೊಸತರಲ್ಲಿ, ಹೆಂಡತಿಯನ್ನು ಕರೆದುಕೊಂಡು ಸಮುದ್ರ ನೋಡಲು ಹೋದೆನಲ್ಲ, ಆಗ ಒಂದೇ ದಿನದಲ್ಲಿ ಆದಷ್ಟು ಅವಮಾನ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತವೆ. ಮನೆಗೆ ಬಂದವರಿಗೆಲ್ಲ ಹೆಂಡತಿ ಹೇಗೂ ಹೇಳುತ್ತಾಳೆ. ಅವಳು ಹೇಳುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು.

ಕನಸಿನಲ್ಲಿ ಬಂದ ದೇವರು

ನನ್ನ ಹೆಂಡತಿ ಕರ್ಜಗಿಯವಳು. ವರದಾ ಹೊಳೆ ಬಿಟ್ಟರೆ ದೊಡ್ಡ ನೀರು ನೋಡಿದವಳಲ್ಲ. ಒಂದು ದಿನ ರೊಟ್ಟಿ ಬಡಿಸುತ್ತ, "ಆಚಿ ದಂಡಿನ ಕಾಣಂಗಿಲ್ಲಂತಲ್ರಿ ಸಮುದ್ರದ್ದು, ಖರೇ ಏನು?" ಎಂದು ಕೇಳಿದಳು. ನಾನೂ ನೋಡಿರಲಿಲ್ಲ. ಆದರೆ ಹೊಸ ಹೆಂಡತಿಯ ಮುಂದೆ ಹಾಗೆ ಹೇಳುವುದು ಹೇಗೆ? ಅದೇನು ಮಹಾ, ಹೋಗಿ ನೋಡಿಕೊಂಡೇ ಬರೋಣ ಎಂದುಬಿಟ್ಟೆ.

ಎಂದಮೇಲೆ ಹೆದರಿಕೆ ಶುರುವಾಯಿತು. ನಮ್ಮದು ತುಂಬಿದ ಮನೆ. ಸಿನಿಮಾಕ್ಕೆ ಹೋದರೂ ಅವ್ವ, ಅಣ್ಣ, ಅತ್ತಿಗೆ, ಅವರ ಮಕ್ಕಳು ಎಲ್ಲ ಸೇರಿ ಕೂರುವ ಒಂದು ಇಡೀ ಬಾಕು ತುಂಬುತ್ತಿತ್ತು. ಅಂಥಲ್ಲಿ ಗಂಡ ಹೆಂಡತಿ ಇಬ್ಬರೇ ತಿರುಗಾಡಲು ಹೋಗುತ್ತೇವೆ ಎಂದು ಅವ್ವನ ಮುಂದೆ ಹೇಳುವುದಕ್ಕಿಂತ ಮೈಮೇಲೆ ಇಸ್ತ್ರಿ ಇಟ್ಟುಕೊಳ್ಳುವುದು ಹಗುರ. ಯೋಚನೆ ಮಾಡಿ ಮಾಡಿ, ಗೋಕರ್ಣದ ದೇವರು ಕನಸಿನಲ್ಲಿ ಬಂದು ಕರೆದ ಎಂದು ಹೇಳಿದೆ.

ಅವ್ವ ಅಲ್ಲೇ ಕೈಮುಗಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಚಲೋ ಇತ್ತು. ಓಣಿಗೆಲ್ಲ ಹೇಳಿಕೊಂಡು ಬಂದಳು. ಸಂಜೆಯ ಹೊತ್ತಿಗೆ ಮನೆ ಮನೆಯಿಂದ ಒಂದೊಂದು ತೆಂಗಿನಕಾಯಿ ಬಂತು, ನಮ್ಮ ಹೆಸರಿನಲ್ಲೂ ಒಡೆಸಿ ಎಂದು. ಅಜ್ಜಿಯೊಬ್ಬಳು ಬಗ್ಗಿ ನನ್ನ ಕಾಲು ಮುಟ್ಟಿಯೇಬಿಟ್ಟಳು. ನಾನು ಗೋಡೆಗೆ ಅಂಟಿಕೊಂಡು ನಿಂತೆ.

ಅಪ್ಪ ಮಾತ್ರ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಎಲ್ಲ ನೋಡುತ್ತಿದ್ದ. ಮರುದಿನ ನಸುಕಿನಲ್ಲೇ ಚೀಲ ಹೊತ್ತು ಹೊರಟಾಗ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದ: "ದೇವರು ಒಬ್ಬನ ಬಾ ಅಂದಾನೋ, ಜೋಡಿಲೆ ಬಾ ಅಂದಾನೋ?"

ಲಿಂಬೆಹಣ್ಣು

ಹಾವೇರಿಯಲ್ಲಿ ಬಸ್ಸು ಬದಲಿಸಿ ಶಿರಸಿಗೆ, ಅಲ್ಲಿಂದ ಘಟ್ಟ ಇಳಿದು ಕುಮಟಾಕ್ಕೆ. ಘಟ್ಟದಲ್ಲಿ ಹೆಣ್ಣುಮಕ್ಕಳಿಗೆ ತಲೆ ತಿರುಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಯಾರೋ ಹೇಳಿದ್ದರು. ನಾನು ಹಾವೇರಿ ಸ್ಟ್ಯಾಂಡಿನಲ್ಲೇ ಒಂದು ಲಿಂಬೆಹಣ್ಣು ತಂದು ಅವಳ ಕೈಯಲ್ಲಿಟ್ಟೆ. ಹೆದರಬೇಡ, ಕಣ್ಣು ಮುಚ್ಚಿಕೋ, ಮೂಸುತ್ತ ಇರು, ನಾನಿದ್ದೇನೆ ಎಂದು ದಾರಿಯುದ್ದಕ್ಕೂ ಧೈರ್ಯ ಹೇಳಿದೆ. ಕಿಟಕಿಯ ಬದಿಯ ಸೀಟನ್ನೂ ಅವಳಿಗೇ ಕೊಟ್ಟೆ.

ಘಟ್ಟ ಶುರುವಾಯಿತು. ಅವಳು ಕಿಟಕಿಗೆ ಗದ್ದ ಊರಿ ಗಿಡ, ಕಣಿವೆ, ಮಂಗ ಎಲ್ಲ ನೋಡುತ್ತ ಮಕ್ಕಳ ಹಾಗೆ ಕುಣಿಯುತ್ತಿದ್ದಳು. ಎರಡು ತಿರುವು ದಾಟಿದೆವು. ಮೂರನೆಯದಕ್ಕೆ ನನ್ನ ಬಾಯಿಯಲ್ಲಿ ನೀರು ಬಂತು. ನಾನಿದ್ದೇನೆ ಎಂದವನು ಅವಳ ತೊಡೆಯ ಮೇಲಿಂದ ಹಾದು ತಲೆಯನ್ನು ಕಿಟಕಿಯ ಹೊರಗೆ ಹಾಕಿದೆ. ಘಟ್ಟ ಮುಗಿಯುವವರೆಗೂ ತಲೆ ಒಳಗೆ ಬರಲಿಲ್ಲ. ಅವಳು ಒಂದು ಕೈಯಿಂದ ನನ್ನ ಬೆನ್ನು ನೀವುತ್ತ ಇನ್ನೊಂದು ಕೈಯಿಂದ ಅದೇ ಲಿಂಬೆಹಣ್ಣನ್ನು ನನ್ನ ಮೂಗಿಗೆ ಹಿಡಿದಿದ್ದಳು.

ಎದುರು ಸೀಟಿನಲ್ಲಿ ಕುಮಟಾ ಕಡೆಯ ಒಬ್ಬ ಮುದುಕಿ ಕೂತಿದ್ದಳು. ಬಹಳ ಹೊತ್ತು ಮರುಕದಿಂದ ನನ್ನನ್ನೇ ನೋಡಿದಳು. ಆಮೇಲೆ ನನ್ನ ಹೆಂಡತಿಯ ಕಡೆ ಬಾಗಿ, "ಇವರಿಗೆ ಎಷ್ಟು ತಿಂಗಳು?" ಎಂದು ಕೇಳಿದಳು.

ಕಾಯಿ ವ್ಯಾಪಾರ

ಕುಮಟಾದಲ್ಲಿ ಇಳಿದೆವು. ಓಣಿಯವರ ಕಾಯಿಗಳೆಲ್ಲ ಇದ್ದ ಚೀಲವನ್ನು ನಾನೇ ಹೊಲಿದಿದ್ದೆ. ಬಸ್ಸಿನ ಮೇಲಿಂದ ಅದನ್ನು ಇಳಿಸುವಾಗ ತಳ ಬಿಚ್ಚಿಕೊಂಡಿತು. ಸ್ಟ್ಯಾಂಡಿನ ತುಂಬ ಕಾಯಿ ಉರುಳಿದವು. ಬಸ್ಸಿನ ಗಾಲಿಯ ಕೆಳಗೆ ಒಂದು, ಚಹಾ ಅಂಗಡಿಯ ಬಾಕಿನ ಕೆಳಗೆ ಒಂದು. ನಾವಿಬ್ಬರೂ ಬಗ್ಗಿಕೊಂಡು ಜನರ ಕಾಲುಗಳ ನಡುವೆ ಹುಡುಕಿದೆವು. ಹೆಂಡತಿ ಸೆರಗಿನಲ್ಲಿ ತುಂಬಿಕೊಂಡಳು, ನಾನು ಅಂಗಿ ಎತ್ತಿ ಅದರಲ್ಲಿ ತುಂಬಿಕೊಂಡೆ.

ಆಮೇಲೆ ತಲೆ ಎತ್ತಿ ಸುತ್ತಲೂ ನೋಡಿದೆ. ಸ್ಟ್ಯಾಂಡಿನ ಹಿಂದೆ ತೆಂಗಿನ ಮರ, ಮುಂದೆ ತೆಂಗಿನ ಮರ, ಕಣ್ಣು ಹಾಯುವವರೆಗೂ ತೆಂಗಿನ ಮರ. ಮೆಣಸಿನಕಾಯಿಯ ಊರಿನಿಂದ ನಾವು ಇಲ್ಲಿಗೆ ತೆಂಗಿನಕಾಯಿ ಹೊತ್ತು ತಂದಿದ್ದೆವು. ಚಹಾ ಅಂಗಡಿಯವನು ಬಾಕಿನ ಕೆಳಗಿನದನ್ನು ಎತ್ತಿ, ಅಂಗೈಯಲ್ಲಿ ತೂಗಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನನ್ನ ಅಂಗಿಯೊಳಗೆ ಹಾಕಿದ. "ಬೇಜಾರು ಮಾಡ್ಕಬೇಡಿ," ಎಂದ. "ಇಷ್ಟು ಸಣ್ಣ ಕಾಯಿ ಇಲ್ಲಿ ಯಾರೂ ತಗೊಳ್ಳೂದಿಲ್ಲ. ಘಟ್ಟದ ಮೇಲೇ ಮಾರಿ ನೋಡಿ."

ಉಳಿದ ಅರಿವೆ

ಗೋಕರ್ಣ ಮುಟ್ಟಿದವರೇ ಮೊದಲು ದೇವರ ಕೆಲಸ ಮುಗಿಸಿದೆವು. ಕಾಯಿ ಒಡೆಸಿ ಹಗುರಾದೆವು. ಊರಿನಾಚೆ ಗುಡ್ಡ ಹತ್ತಿ ಇಳಿದರೆ ಕಲ್ಲು ಬಂಡೆಗಳ ಚಂದದ ದಂಡೆ ಇದೆ ಎಂದು ಪೂಜಾರಿ ಹೇಳಿದ್ದ. ಗುಡ್ಡದ ನೆತ್ತಿಗೆ ಬಂದಾಗ ಅವಳು ನಿಂತುಬಿಟ್ಟಳು. ಕೆಳಗೆ ಕಪ್ಪು ಬಂಡೆಗಳು ನೀರೊಳಗೆ ಕಾಲು ಚಾಚಿ ಮಲಗಿದ್ದವು. ಅವುಗಳಾಚೆ ನೀಲಿ, ಬರೀ ನೀಲಿ. ಆಮೇಲೆ, "ಖರೇನ ದಂಡಿ ಇಲ್ಲ ನೋಡ್ರಿ," ಎಂದಳು. ಅದನ್ನು ನಾನೇ ಮಾಡಿಸಿಟ್ಟವನ ಹಾಗೆ ಎದೆ ಉಬ್ಬಿಸಿದೆ.

ಕೆಳಗಿಳಿದು ಒಂದು ಬಂಡೆ ಬಳಸಿದೆವು. ಅದರ ಹಿಂದೆ ಮರಳಿನ ಮೇಲೆ ಒಬ್ಬಳು ಪರದೇಶದ ಹೆಂಗಸು ಅಂಗಾತ ಮಲಗಿದ್ದಳು. ಮೈಮೇಲಿದ್ದ ಅರಿವೆ ಎಷ್ಟೆಂದರೆ, ನಾನು ಜಂಪರ ಕತ್ತರಿಸುವಾಗ ನೆಲಕ್ಕೆ ಬೀಳುವ ಚಿಂದಿಯೇ ಅದಕ್ಕಿಂತ ಹೆಚ್ಚು. ನಾನು ಗಕ್ಕನೆ ಮುಖ ತಿರುಗಿಸಿದೆ. ತಿರುಗಿಸಿದ ಕಡೆ ಇನ್ನೊಬ್ಬಳಿದ್ದಳು. ಕಡೆಗೆ ಕಣ್ಣು ಮುಚ್ಚಿಕೊಂಡು ನಡೆದು ಬಂಡೆಗೆ ಮೊಣಕಾಲು ಬಡಿಸಿಕೊಂಡೆ.

ಹೆಂಡತಿ ಮಾತ್ರ ನಿಂತು, ಮೇಲಿಂದ ಕೆಳಗೆ ನಿಧಾನಕ್ಕೆ ನೋಡಿದಳು. ಜಂಪರ ಒಯ್ಯಲು ಬರುವ ಹೆಣ್ಣುಮಕ್ಕಳೆಲ್ಲ ಕೇಳುವ ಮಾತನ್ನೇ ಆಮೇಲೆ ನನ್ನ ಕಿವಿಯಲ್ಲಿ ಕೇಳಿದಳು: "ಇದನ್ನ ಹೊಲಿದಾವ ಯಾವ ಟೇಲರ್ ರೀ? ಉಳಿದ ಅರಿವಿ ಏನ್ ಮಾಡಿದಾ?"

ಬಂಡೆಯ ಮೇಲೆ ಕಡೆಯ ಮಾತು

ಜನ ಇಲ್ಲದ ಕಡೆ ಹೋಗೋಣ ಎಂದು ನಾನೇ ದೂರ ಕರೆದುಕೊಂಡು ಹೋದೆ. ನೀರಿನ ಅಂಚಿನಲ್ಲಿ ಅಗಲವಾದ ಒಂದು ಕರಿ ಬಂಡೆ. ಅದರವರೆಗೂ ಒಣ ಮರಳಿತ್ತು. ಚಪ್ಪಲಿಯನ್ನು ಕೆಳಗೆ ಬಿಟ್ಟು ಮೇಲೆ ಹತ್ತಿ ಕೂತೆವು. ಅವಳು ರೊಟ್ಟಿ ಬುತ್ತಿ ಬಿಚ್ಚಿದಳು. ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ಕೂತು ಉಂಡದ್ದೇ ಇಲ್ಲ. ಗಂಡಸರದು ಮುಗಿದ ಮೇಲೆ ಹೆಂಗಸರದು. ಆ ದಿನ ಎದುರಾಬದುರು ಕೂತು ರೊಟ್ಟಿ ಮುರಿಯುವಾಗ ಅವಳಿಗೂ ನಾಚಿಕೆ, ನನಗೂ ನಾಚಿಕೆ. ಇಬ್ಬರೂ ಸಮುದ್ರದ ಕಡೆ ಮುಖ ಮಾಡಿಕೊಂಡೇ ಉಂಡೆವು.

ಸಮುದ್ರ ಏರುತ್ತದೆ, ಇಳಿಯುತ್ತದೆ ಎಂಬುದು ಬ್ಯಾಡಗಿಯವನಿಗೆ ಹೇಗೆ ಗೊತ್ತಾಗಬೇಕು? ನಮ್ಮ ಕೆರೆ ಮಳೆ ಬಂದರೆ ತಾನೇ ಏರುವುದು. ಹಿಂದೆ ತಿರುಗಿ ನೋಡಿದರೆ ಮರಳಿಲ್ಲ. ಸುತ್ತಲೂ ನೀರು. ನಮ್ಮ ಎರಡು ಜೋಡಿ ಚಪ್ಪಲಿ ನಮ್ಮನ್ನು ಬಿಟ್ಟು ತಾವೇ ತಿರುಗಾಡಲು ಹೊರಟಿದ್ದವು.

ಕೂಗೋಣವೆಂದರೆ ನಾಚಿಕೆ, ಇಳಿಯೋಣವೆಂದರೆ ಈಜು ಬರದು. ಅಲೆ ಬಂಡೆಗೆ ಬಡಿದು ಮುಖಕ್ಕೆ ಸಿಡಿಯಿತು. ಬದುಕುವ ಆಸೆ ಬಿಟ್ಟೆ. ಹೆಂಡತಿಯ ಕೈ ಹಿಡಿದುಕೊಂಡು, ಏನಾದರೂ ಹೇಳಬೇಕಲ್ಲ ಎಂದು, "ಗೌಡ್ರ ಮನಿ ಜಂಪರಾ ಮಷಿನ್ ಕೆಳಗಿನ ಡಬ್ಬ್ಯಾಗ ಅದಾವ, ಗುಂಡಿ ಹಚ್ಚೂದೊಂದ ಬಾಕಿ ಐತಿ," ಎಂದೆ.

"ಯಾರಿಗೆ ಹೇಳಾಕತ್ತೀರಿ?" ಎಂದಳು. "ನಾನೂ ಇಲ್ಲೇ ಅದೇನಲ್ರಿ."

ಆಗ ದಂಡೆಯಲ್ಲಿ ಅಲೆಯುತ್ತಿದ್ದ ಒಂದು ಆಕಳಿಗೆ ರೊಟ್ಟಿಯ ವಾಸನೆ ಹತ್ತಿತೋ ಏನೋ, ನೇರ ನಮ್ಮ ಕಡೆ ಹೊರಟು ಬಂತು. ಪಾಪ, ಇದೂ ಮುಳುಗುತ್ತದೆ ಎಂದುಕೊಂಡೆ. ಅದು ಆರಾಮಾಗಿ ನಡೆದು ಬಂದು, ಬಂಡೆಗೆ ಗದ್ದ ಇಟ್ಟು, ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿ ತಿಂದಿತು. ನೀರು ಅದರ ಮೊಣಕಾಲಿಗೂ ಬಂದಿರಲಿಲ್ಲ.

ನನ್ನ ಹೆಂಡತಿ ಸೀರೆಯ ನಿರಿಗೆ ಎತ್ತಿ ಹಿಡಿದು ಮೊದಲು ಇಳಿದಳು. "ಬರ್ರಿ," ಎಂದಳು, "ಬೇಕಾದ್ರ ಆಕಳ ಬಾಲಾ ಹಿಡ್ಕೋರಿ."

ಸುಮಂಗಲಾ

ಹೊತ್ತು ಮುಳುಗುವಾಗ ರಥಬೀದಿಯ ಹತ್ತಿರ ಒಂದು ಲಾಡ್ಜು ಹುಡುಕಿದೆವು. ಕಾಲಲ್ಲಿ ಚಪ್ಪಲಿ ಇಲ್ಲ, ಅರ್ಧ ಮೈ ಒದ್ದೆ, ತಲೆಯ ತುಂಬ ಮರಳು, ಕೈಯಲ್ಲಿ ತಳ ಬಿಚ್ಚಿದ ಚೀಲ. ಮೇಜಿನ ಹಿಂದಿನ ಮ್ಯಾನೇಜರು ವಯಸ್ಸಾದವರು. ಕನ್ನಡಕದ ಮೇಲಿಂದ ನಮ್ಮನ್ನು ನೋಡಿದರು. ಓಡಿಬಂದ ಜೋಡಿಗಳಿಗೆ ಇಲ್ಲಿ ಕೋಣೆ ಕೊಡುವುದಿಲ್ಲ ಎಂದು, ನಾನು ಏನೂ ಕೇಳುವ ಮೊದಲೇ ಹೇಳಿದರು.

ನನ್ನ ಹೆಸರು ಕೇಳಿದರು. ಚನ್ನಬಸಪ್ಪ ಎಂದೆ. ಹೆಂಡತಿಯ ಹೆಸರು ಕೇಳಿದರು. ಸುಮಂಗಲಾ ಎಂದೆ. ಅವರು ನನ್ನನ್ನು ಸುಮ್ಮನಿರಲು ಹೇಳಿ, ಬಾಗಿಲ ಹತ್ತಿರ ನಿಂತಿದ್ದ ಅವಳ ಕಡೆ ನೋಡಿ, "ಸುಮಂಗಲಾ," ಎಂದು ಕರೆದರು. ಅವಳು ಅಲುಗಾಡಲಿಲ್ಲ. ಇನ್ನೊಮ್ಮೆ ಕರೆದರು. ಯಾರನ್ನು ಕರೆಯುತ್ತಿದ್ದಾರೆ ಎಂದು ಅವಳು ಹಿಂದಕ್ಕೆ ತಿರುಗಿ ಬೀದಿಯನ್ನು ನೋಡಿದಳು.

ಅದರಲ್ಲಿ ಅವಳದೇನೂ ತಪ್ಪಿಲ್ಲ. ಮದುವೆಯ ದಿನ ಪರಾತದಲ್ಲಿ ಅಕ್ಕಿ ಹರಡಿ, ಉಂಗುರದಿಂದ ಸುಮಂಗಲಾ ಎಂದು ಬರೆದು ಅವಳಿಗೆ ನಮ್ಮ ಮನೆಯ ಹೆಸರು ಇಟ್ಟಿದ್ದೆವು. ಆ ಅಕ್ಕಿ ಬಾಚಿದ ಮೇಲೆ ಆ ಹೆಸರನ್ನು ಯಾರೂ ಬಾಯಿಗೆ ತಂದಿರಲಿಲ್ಲ. ಅವ್ವನಿಗೆ ಅವಳು ಸಣ್ಣಾಕಿ, ಅಣ್ಣನ ಮಕ್ಕಳಿಗೆ ಚಿಗವ್ವ, ನನಗೆ "ಕೇಳ್ ಇಲ್ಲೆ".

ನಿಮ್ಮ ಹೆಸರೇನು ಎಂದು ಮ್ಯಾನೇಜರು ಅವಳನ್ನೇ ಕೇಳಿದರು. ಹೆದರಿಕೆಯಲ್ಲಿ ಅವಳ ಬಾಯಿಂದ ತವರಿನ ಹೆಸರು ಬಂತು: ಶಾಂತವ್ವ. ಅವರು ಪೆನ್ನು ಕೆಳಗಿಟ್ಟರು. ಹಾಗಾದರೆ ಗಂಡನ ಹೆಸರು ಹೇಳಿ ಎಂದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇವರಿಗೆ ಅವರ ಹೆಸರು ಗೊತ್ತಿಲ್ಲ, ಅವರಿಗೆ ಇವರ ಹೆಸರು ಗೊತ್ತಿಲ್ಲ," ಎಂದು ಮ್ಯಾನೇಜರು ಅಲ್ಲಿದ್ದವರಿಗೆಲ್ಲ ಸಾರಿದರು. ಠಾಣೆ ಹತ್ತಿರದಲ್ಲೇ ಇದೆ, ಅಲ್ಲಿ ಹೇಳಿ ಎಂದರು. ಮಹಡಿಯ ಮೆಟ್ಟಿಲಲ್ಲಿ ಯಾತ್ರೆಗೆ ಬಂದವರು ಸಾಲಾಗಿ ನಿಂತರು. ಬೀದಿಯಲ್ಲಿ ಹೂ ಮಾರುವವಳು ಬುಟ್ಟಿ ಇಳಿಸಿ ಒಳಗೆ ಬಂದಳು. ನಾನು ಹೆಸರು ಬದಲಾದ ಕಥೆ ಹೇಳಲು ಹೋದೆ. ನಾಲಿಗೆ ತೊಡರಿ ಅಕ್ಕಿ, ಉಂಗುರ ಎಂಬೆರಡು ಮಾತು ಹೊರಗೆ ಬಂದವು. ಉಂಗುರವನ್ನೂ ಕದ್ದು ತಂದಿದ್ದಾನೆ ಎಂದು ಯಾರೋ ಮೆಟ್ಟಿಲಲ್ಲಿ ಅಂದರು. ನೆಲ ಬಾಯಿ ಬಿಟ್ಟಿದ್ದರೆ ಆಗಲೇ ಇಳಿದುಬಿಡುತ್ತಿದ್ದೆ.

ಆಗ ಅವಳು ಸೆರಗು ತೆಗೆದಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಹೇಳಲೇಬೇಕಾಗಿ ಬಂದರೆ ಪ್ರಾಸ ಕೂಡಿಸಿ ಒಡಪು ಕಟ್ಟಿ ಹೇಳುತ್ತಾರೆ. ನೆಲ ನೋಡುತ್ತ, ಆದರೆ ಮೆಟ್ಟಿಲ ಕಡೆಯವನಿಗೂ ಕೇಳುವ ಹಾಗೆ, ಅವಳು ಹೇಳಿದಳು:

"ಸುತ್ತಮುತ್ತ ಸಮುದ್ರ, ನಡಕ ಕರೀ ಕಲ್ಲ,
ಚನ್ನಬಸಪ್ಪನವರ ಬಿಟ್ರ ನನಗ್ಯಾರೂ ಇಲ್ಲ."

ಮೊದಲು ಹೂ ಮಾರುವವಳು ಚಪ್ಪಾಳೆ ತಟ್ಟಿದಳು. ಮೆಟ್ಟಿಲಿನವರೂ ತಟ್ಟಿದರು. ಆ ಇಡೀ ದಿನದಲ್ಲಿ ನಾನು ತಲೆ ಎತ್ತಿ ನಿಂತದ್ದು ಆಗ ಮಾತ್ರ. ಮ್ಯಾನೇಜರೂ ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು. ಬೀಗದ ಕೈ ತೆಗೆದು ನನ್ನ ಮುಂದೆ ಹಿಡಿದರು. ನಾನು ಕೈ ಚಾಚಿದೆ. ಅವರು ಬಿಡಲಿಲ್ಲ.

"ಒಪ್ಪಿದೆ," ಎಂದರು. "ಶಾಂತವ್ವ ನಿಮ್ಮ ಹೆಂಡ್ತಿ ಹೌದು. ಹಂಗಾರೆ ಆ ಸುಮಂಗಲಾ ಯಾರು?"

ಚಪ್ಪಾಳೆ ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ನೀನಾದರೂ ಹೇಳು ಎಂದು ನಾನು ಕಣ್ಣಲ್ಲೇ ಹೆಂಡತಿಯನ್ನು ಬೇಡಿಕೊಂಡೆ. ಅವಳು ಸೆರಗು ಸರಿಮಾಡಿಕೊಂಡು ಮ್ಯಾನೇಜರ ಪಕ್ಕಕ್ಕೆ ಹೋಗಿ ನಿಂತಳು.

"ಕೇಳ್ರಿ," ಎಂದಳು, "ನಾನೂ ಅದನ್ನ ಕೇಳಬೇಕಂತ ಮಾಡೇನಿ."